ವಿಳಾಸವಿಲ್ಲದ ನಾಲ್ಕು ಲಕೋಟೆಗಳು

ಮೊಂತಿ ಹಬ್ಬ ಹತ್ತಿರ ಬಂತು. ಸೆಪ್ಟೆಂಬರ್ 8, ಮಾತೆ ಮರಿಯಮ್ಮನ ಹುಟ್ಟಿದ ದಿನ. ನಮ್ಮ ಕರಾವಳಿಯ ಕೊಂಕಣಿ ಕ್ರೈಸ್ತರಿಗೆ ಹೊಸ ಅಕ್ಕಿ ಉಣ್ಣುವ ದಿನವೂ ಹೌದು. ಆಗಸ್ಟ್ 30ರಿಂದ ಒಂಬತ್ತು ದಿನ ನೊವೆನಾ ಪ್ರಾರ್ಥನೆ. ನಮ್ಮೂರಿನ ಮಕ್ಕಳು ಆ ಒಂಬತ್ತು ದಿನವೂ ಮಳೆಯಲ್ಲಿ ನೆನೆದುಕೊಂಡೇ ಅಂಗಳ, ಬೇಲಿ, ಗದ್ದೆಯ ಬದು ಎಲ್ಲ ಸುತ್ತಿ, ದಾಸವಾಳದಿಂದ ಹಿಡಿದು ಹೆಸರೇ ಗೊತ್ತಿಲ್ಲದ ಕಾಡುಹೂವಿನವರೆಗೆ ಸಿಕ್ಕಿದ್ದನ್ನೆಲ್ಲ ತಟ್ಟೆಗೆ ತುಂಬಿಕೊಂಡು ಇಗರ್ಜಿಗೆ, ಅಂದರೆ ಚರ್ಚಿಗೆ, ಬರುತ್ತಾರೆ. ಬಾಲೆ ಮರಿಯಳ ಪ್ರತಿಮೆಯ ಮುಂದೆ ಹೂವು ಎರಚಿ ಹಾಡುತ್ತಾರೆ. ನಾನೂ ಹಾಗೇ ಬೆಳೆದವನು. ಅಣ್ಣನ ತಟ್ಟೆಯಲ್ಲಿ ಯಾವಾಗಲೂ ನನಗಿಂತ ಜಾಸ್ತಿ ಹೂವು ಇರುತ್ತಿತ್ತು. ಇಗರ್ಜಿಯ ಮೆಟ್ಟಿಲ ಹತ್ತಿರ ಬಂದಾಗ ಅರ್ಧ ನನ್ನ ತಟ್ಟೆಗೆ ಸುರಿಯುತ್ತಿದ್ದ.

ಮಂಗಳೂರಿನ ಹತ್ತಿರದ ಫರಂಗಿಪೇಟೆಯ ಮೊಂತೆ ಮರಿಯಾನೊ ಇಗರ್ಜಿಯಲ್ಲಿ 1763ರಲ್ಲಿ ಫಾದರ್ ಜೋಕಿಂ ಮಿರಾಂದಾ ಈ ಹಬ್ಬ ಶುರು ಮಾಡಿದರು ಅಂತ ಹಿರಿಯರು ಹೇಳುತ್ತಾರೆ. ಮೊಂತೆ ಅಂದರೆ ಬೆಟ್ಟ, ಹಬ್ಬದ ಹೆಸರು ಬಂದದ್ದೂ ಅಲ್ಲಿಂದಲೇ. ಹೊಸ ಅಕ್ಕಿ ಉಣ್ಣುವ ಪದ್ಧತಿ ಮಾತ್ರ ಈ ಮಣ್ಣಿನಲ್ಲಿ ಅದಕ್ಕಿಂತ ಹಳೆಯದು. ನಮ್ಮ ಪಕ್ಕದ ತುಳು ಮನೆಗಳಲ್ಲಿ ಪುದ್ವಾರ್ ಅಂತ ಮಾಡುವುದೂ ಇದೇ ಅಲ್ವಾ?

ಹಬ್ಬದ ದಿನ ಬಲಿಪೂಜೆಗೆ (ಇಗರ್ಜಿಯ ಮುಖ್ಯ ಆರಾಧನೆಗೆ) ಮೊದಲು ಫಾದರ್ ಹೊಸ ಭತ್ತದ ತೆನೆಯನ್ನು ಆಶೀರ್ವದಿಸುತ್ತಾರೆ. ಪೂಜೆ ಮುಗಿದ ಮೇಲೆ ಮನೆಗೊಂದು ತೆನೆ, ಮಕ್ಕಳಿಗೆ ಕಬ್ಬು. ತೆನೆ ತಂದು ಮನೆಯ ಆಲ್ತಾರಿನ, ಅಂದರೆ ದೇವರ ಪೀಠದ, ಮುಂದೆ ಇಟ್ಟು ಪ್ರಾರ್ಥನೆ ಮಾಡಿ, ಕಾಳು ಬಿಡಿಸಿ, ಪುಡಿ ಮಾಡಿ ಹಾಲಿಗೆ ಹಾಕುತ್ತೇವೆ. ಮನೆಯ ಯಜಮಾನ ಅದನ್ನು ಒಬ್ಬೊಬ್ಬರಿಗೂ ತನ್ನ ಕೈಯಾರೆ ಕೊಡಬೇಕು. ಆಮೇಲೆ ಬಾಳೆಲೆ ಊಟ. ಮೀನಿಲ್ಲ, ಮಾಂಸವಿಲ್ಲ. ತರಕಾರಿಯ ಬಗೆಗಳು ಐದು, ಏಳು, ಒಂಬತ್ತು, ಹೀಗೆ ಬೆಸ ಸಂಖ್ಯೆಯಲ್ಲೇ ಇರಬೇಕು. ಕೆಸುವಿನ ದಂಟು, ಹೀರೆಕಾಯಿ, ಬೆಂಡೆ, ಹಾಗಲ ಮತ್ತು ಅಂಬಟೆ, ಕೊನೆಗೆ ಹೆಸರುಬೇಳೆಯ ಪಾಯಸ.

ಹಬ್ಬಕ್ಕೆ ಬರಲಾಗದವರಿಗೆ ಹೊಸ ಅಕ್ಕಿ ಅಂಚೆಯಲ್ಲಿ ಹೋಗುತ್ತದೆ. ನಾಲ್ಕು ಕಾಳು ಕಾಗದದಲ್ಲಿ ಮಡಚಿ ಲಕೋಟೆಗೆ ಹಾಕಿ ಕಳಿಸುತ್ತೇವೆ. ಅಲ್ಲಿ ಅವರು ಅದನ್ನು ಹಾಲಿಗೆ ಹಾಕಿ ಕುಡಿದರೆ ನಮ್ಮ ಜೊತೆಗೇ ಕೂತು ಉಂಡ ಹಾಗೆ. ನಮ್ಮ ಮನೆಯಿಂದ ಒಂದು ಲಕೋಟೆ ಕುವೈತಿಗೆ, ಒಂದು ಮುಂಬೈಗೆ ಹೋಗುತ್ತದೆ. ಅಪ್ಪ ಇದ್ದಾಗಲೂ ಹೋಗುತ್ತಿತ್ತು, ಅಪ್ಪನ ಜಾಗದಲ್ಲಿ ನಾನು ಕೂರತೊಡಗಿದ ಮೇಲೂ ಒಂದು ವರ್ಷ ತಪ್ಪಿಲ್ಲ.

ಅಣ್ಣನ ಮನೆ ನಮ್ಮ ಅಂಗಳದಿಂದ ಕಾಣುತ್ತದೆ. ಅಲ್ಲಿಗೆ ನಾಲ್ಕು ವರ್ಷ ಹೊಸ ಅಕ್ಕಿ ಹೋಗಿರಲಿಲ್ಲ.

ಜಗಳ ಬಾವಿಯದ್ದು. ಅಪ್ಪ ತೀರಿಕೊಂಡ ಮೇಲೆ ಆದ ಪಾಲುಪಟ್ಟಿಯಲ್ಲಿ ಬಾವಿ ನನ್ನ ಜಾಗಕ್ಕೆ ಬಂತು. ಬಾಯಿಮಾತಿನಲ್ಲಿ ಇಬ್ಬರೂ ನೀರು ತೆಗೆಯುವುದು ಅಂತ ಇತ್ತು. ಒಂದು ದಿನ ಯಾವುದೋ ಚಿಕ್ಕ ವಿಷಯಕ್ಕೆ ಮಾತು ಬೆಳೆಯಿತು, ನಾನು ಸಿಟ್ಟಿನಲ್ಲಿ ಪಂಪ್ ಶೆಡ್ಡಿನ ಬೀಗ ಬದಲಿಸಿದೆ. ಆಗ ಏಪ್ರಿಲ್ ತಿಂಗಳು. ಅಣ್ಣನ ಹೊಸ ಅಡಿಕೆ ಸಸಿಗಳು ಮೇ ಮುಗಿಯುವುದರೊಳಗೆ ಒಣಗಿದವು. ನಾನು ಅದನ್ನು ಕಿಟಕಿಯಿಂದ ನೋಡುತ್ತಿದ್ದೆ. ಕಾಗದದ ಪ್ರಕಾರ ನನ್ನದು ಸರಿ ಇತ್ತು, ಹಾಗಾಗಿ ಪಾಪನಿವೇದನೆಗೆ ಹೋದಾಗ ಕೂಡ ಅದನ್ನು ಹೇಳಬೇಕು ಅಂತ ಅನ್ನಿಸಲಿಲ್ಲ. ಬೆಳಗಿನ ಪ್ರಾರ್ಥನೆ ತಪ್ಪಿಸಿದ್ದು ಹೇಳಿದೆ, ಮಕ್ಕಳ ಮೇಲೆ ರೇಗಿದ್ದು ಹೇಳಿದೆ. ಬೀಗದ ವಿಷಯ ಬಾಯಿಗೇ ಬರಲಿಲ್ಲ.

ಆ ನಾಲ್ಕು ವರ್ಷ ನನ್ನ ಭಕ್ತಿಗೇನೂ ಕಡಿಮೆ ಇರಲಿಲ್ಲ. ನೊವೆನಾದ ಒಂಬತ್ತೂ ದಿನ ಹೋಗುತ್ತಿದ್ದೆ. ಇಗರ್ಜಿಯ ಗಾಯನ ತಂಡದಲ್ಲಿ ಹಾಡುತ್ತಿದ್ದೆ, ಒಮ್ಮೊಮ್ಮೆ ಹಾಡುವಾಗ ಕಣ್ಣು ತುಂಬುತ್ತಿತ್ತು. ಅದು ನಟನೆ ಆಗಿರಲಿಲ್ಲ, ಆ ಕಣ್ಣೀರು ನಿಜವೇ. ನಿಜವಾದ ಆರಾಧನೆ ಅಂದರೆ ಮನಸ್ಸು ಕರಗುವುದು ಅಂತ ನಾನು ತಿಳಿದುಕೊಂಡಿದ್ದೆ. ಎಷ್ಟೋ ಜನ ಹಾಗೇ ತಿಳಿದಿರುತ್ತಾರೆ. ಮನಸ್ಸು ಕರಗುವುದು ದೇವರ ಕೊಡುಗೆ, ಅದನ್ನು ನಾನು ಕೀಳಾಗಿ ಹೇಳುವುದಿಲ್ಲ. ಆದರೆ ಕರಗಿದ ಮನಸ್ಸು ಮನೆಗೆ ಬಂದು ಅದೇ ಬೀಗದ ಕೈಯನ್ನು ಅದೇ ಮೊಳೆಗೆ ನೇತುಹಾಕುತ್ತಿತ್ತು.

ಹೋದ ವರ್ಷ ಸೆಪ್ಟೆಂಬರ್ 7ರ ಸಂಜೆ ಅಮ್ಮ ಆಲ್ತಾರಿನ ಕೆಳಗಿನ ಡ್ರಾಯರಿನಿಂದ ಮೇಣದ ಬತ್ತಿ ತೆಗೆದುಕೊಡು ಅಂದರು. ಬತ್ತಿಯ ಕೆಳಗೆ ಲಕೋಟೆಗಳಿದ್ದವು. ನಾಲ್ಕು. ಅಂಟಿಸಿದ್ದವು, ವಿಳಾಸವಿರಲಿಲ್ಲ. ಮುಟ್ಟಿದರೆ ಒಳಗೆ ಕಾಳು ಸಿಗುತ್ತಿತ್ತು, ಹಳೆಯದೊಂದರಲ್ಲಿ ಹುಳ ಹಿಡಿದು ಪುಡಿಯಾಗಿತ್ತು. ಕುವೈತಿಗೆ, ಮುಂಬೈಗೆ ಮಾಡುವಾಗ ಅಮ್ಮ ಪ್ರತಿ ವರ್ಷ ಮೂರನೆಯದೊಂದನ್ನೂ ಮಾಡಿ ಇಟ್ಟಿದ್ದರು.

"ಇದು ಅವನಿಗಾ? ನೀವೇ ಕೊಡಬಹುದಿತ್ತಲ್ಲ" ಅಂದೆ.

"ಅಪ್ಪನ ಜಾಗದಲ್ಲಿ ಕೂತು ಕೊಡುವವನು ನೀನು. ನಾನು ಕೊಟ್ಟರೆ ಅದು ಬರೀ ಅಕ್ಕಿ" ಅಂದರು. ಅಷ್ಟೇ. ಬತ್ತಿ ತೆಗೆದುಕೊಂಡು ಒಳಗೆ ಹೋದರು.

ಆ ರಾತ್ರಿ ಬೈಬಲಿನಲ್ಲಿ ಮತ್ತಾಯನ ಶುಭಸಂದೇಶದ ಐದನೆಯ ಅಧ್ಯಾಯ ತೆಗೆದೆ. ಕಾಣಿಕೆ ತಂದು ಬಲಿಪೀಠದ ಮುಂದೆ ನಿಂತಾಗ ನೆನಪು ಬಂದರೆ, ಕಾಣಿಕೆಯನ್ನು ಅಲ್ಲೇ ಬಿಟ್ಟು ಮೊದಲು ಹೋಗಿ ಸೋದರನ ಜೊತೆ ರಾಜಿಯಾಗು, ಆಮೇಲೆ ಬಂದು ಕಾಣಿಕೆ ಅರ್ಪಿಸು ಅಂತ ಯೇಸು ಹೇಳುವ ಜಾಗ. ಚಿಕ್ಕಂದಿನಿಂದ ಕೇಳಿದ ಮಾತು. ಆದರೆ ಒಂದು ವಿಷಯ ನಾನು ಗಮನಿಸಿಯೇ ಇರಲಿಲ್ಲ. ನಿನಗೆ ಸೋದರನ ಮೇಲೆ ಸಿಟ್ಟಿದ್ದರೆ ಅಂತ ಯೇಸು ಹೇಳುವುದಿಲ್ಲ. ನಿನ್ನ ಮೇಲೆ ಅವನಿಗೆ ಏನಾದರೂ ಇದ್ದರೆ ಅಂತ ಹೇಳುತ್ತಾರೆ. ನನಗೆ ಅವನ ಮೇಲೆ ಸಿಟ್ಟಿಲ್ಲ, ನನ್ನ ಮನಸ್ಸಿನಲ್ಲಿ ಏನೂ ಇಲ್ಲ ಅಂತ ನಾನು ನಾಲ್ಕು ವರ್ಷ ಹೇಳಿಕೊಂಡು ಬಂದಿದ್ದೆನಲ್ಲ, ಆ ಮಾತಿಗೆ ಇಲ್ಲಿ ಜಾಗವೇ ಇಲ್ಲ. ಕೇಳುತ್ತಿರುವುದು ಅವನ ಮನಸ್ಸಿನಲ್ಲಿ ಏನಿದೆ ಅಂತ.

ಇನ್ನೊಂದು. ಯೇಸು ಈ ಮಾತು ಹೇಳಿದ್ದು ಗಲಿಲೇಯದ ಜನರಿಗೆ. ಬಲಿಪೀಠ ಇದ್ದದ್ದು ಜೆರುಸಲೇಮಿನಲ್ಲಿ. ಅಲ್ಲಿಗೆ ನೂರು ಕಿಲೋಮೀಟರಿಗೂ ಜಾಸ್ತಿ ದೂರ, ಮೂರು ನಾಲ್ಕು ದಿನ ನಡೆಯಬೇಕು. ಅಷ್ಟು ದೂರ ನಡೆದು ಹೋದವನು ಬಲಿಯ ಪ್ರಾಣಿಯನ್ನು ಅಲ್ಲೇ ಬಿಟ್ಟು, ಊರಿಗೆ ವಾಪಸ್ ಬಂದು, ಸೋದರನ ಹತ್ತಿರ ಮಾತಾಡಿ, ಮತ್ತೆ ಅಷ್ಟು ದೂರ ನಡೆಯಬೇಕಲ್ಲ! ಕೇಳಿದವರಿಗೆ ಇದು ಎಷ್ಟು ಕಷ್ಟದ ಕೆಲಸ ಅಂತ ಗೊತ್ತಿತ್ತು. ನನಗೆ ಇದ್ದದ್ದು ಒಂದು ಅಂಗಳ, ಒಂದು ಬೇಲಿ.

ಮೊದಲ ಕಾಲದ ಕ್ರೈಸ್ತರು ಇದನ್ನು ಹಾಗೇ ಪಾಲಿಸಿದರು. ದಿದಾಖೆ ಅನ್ನುವ ಬಹಳ ಹಳೆಯ ಬರಹವೊಂದಿದೆ. ಜೊತೆಯವನ ಸಂಗಡ ಜಗಳ ಇರುವವನು ರಾಜಿಯಾಗುವ ತನಕ ಭಾನುವಾರದ ಕೂಟಕ್ಕೆ ಸೇರಬಾರದು, ಇಲ್ಲದಿದ್ದರೆ ನಿಮ್ಮ ಬಲಿ ಮೈಲಿಗೆಯಾಗುತ್ತದೆ ಅಂತ ಅದರಲ್ಲಿದೆ. ಇವತ್ತಿಗೂ ಬಲಿಪೂಜೆಯಲ್ಲಿ ಪರಮಪ್ರಸಾದಕ್ಕೆ ಮೊದಲು ಪಕ್ಕದವರಿಗೆ ಶಾಂತಿ ಹೇಳುತ್ತೇವೆ. ಆ ನಾಲ್ಕು ವರ್ಷ ನಾನು ಪಕ್ಕದ ಬೆಂಚಿನವರಿಗೆಲ್ಲ ಕೈ ಮುಗಿದಿದ್ದೇನೆ. ಅಣ್ಣ ಕೂರುವ ಎಡಗಡೆಯ ಸಾಲಿನ ಕಡೆಗೆ ತಲೆ ತಿರುಗಿಸಿರಲಿಲ್ಲ.

ಪ್ರವಾದಿ ಆಮೋಸನ ಪುಸ್ತಕವನ್ನೂ ಆ ರಾತ್ರಿಯೇ ತೆಗೆದೆ. ನಿಮ್ಮ ಹಬ್ಬಗಳು ನನಗೆ ಬೇಡ, ನಿಮ್ಮ ಹಾಡಿನ ಗದ್ದಲ ನಿಲ್ಲಿಸಿ, ನ್ಯಾಯ ನೀರಿನಂತೆ ಹರಿಯಲಿ ಅಂತ ದೇವರು ಹೇಳುವ ಮಾತು. ಆ ಮಾತಿನಲ್ಲಿ ನೀರು ಇದೆ ಅನ್ನುವುದು ನನಗೆ ಕಂಡದ್ದು ಅವತ್ತೇ.

ಮರುದಿನ ಮನೆಯವರನ್ನು ಇಗರ್ಜಿಗೆ ಕಳಿಸಿ ನಾನು ಬೇಲಿ ದಾಟಿದೆ. ಮಳೆ ಹನಿಯುತ್ತಿತ್ತು. ಅಣ್ಣ ಹೊಸ ಅಂಗಿ ಹಾಕಿಕೊಂಡು ಜಗಲಿಯಲ್ಲಿ ಚಪ್ಪಲಿ ಮೆಟ್ಟುತ್ತಿದ್ದ. ಏನು ಹೇಳಬೇಕು ಅಂತ ಇಡೀ ರಾತ್ರಿ ಯೋಚಿಸಿದ್ದೆ, ಒಂದೂ ನೆನಪಾಗಲಿಲ್ಲ. ಬೀಗದ ಕೈ ಜಗಲಿಯ ಮೇಲೆ ಇಟ್ಟೆ. "ಆ ಸಸಿಗಳು ಒಣಗಿದ್ದು ನನ್ನಿಂದ" ಅಂದೆ. ಅವನು ಸುಮಾರು ಹೊತ್ತು ಬೀಗದ ಕೈಯನ್ನೇ ನೋಡಿದ. ಅತ್ತಿಗೆ ಬಾಗಿಲಲ್ಲಿ ನಿಂತಿದ್ದರು. "ಹೋಗು ಮಾರಾಯ, ಪೂಜೆಗೆ ತಡ ಆಗ್ತದೆ" ಅಂದ. ಕ್ಷಮಿಸಿದೆ ಅಂತ ಹೇಳಲಿಲ್ಲ. ಕೈ ಹಿಡಿಯಲಿಲ್ಲ. ಮಧ್ಯಾಹ್ನ ಊಟಕ್ಕೂ ಬರಲಿಲ್ಲ. ಎಲೆ ಹಾಕಿಯೇ ಇಟ್ಟಿದ್ದೆವು. ಹಾಲಿನ ಲೋಟ ನಾನೇ ತೆಗೆದುಕೊಂಡು ಹೋಗಿ ಅವನ ಕೈಗೆ ಕೊಟ್ಟೆ, ನಿಂತಲ್ಲೇ ಕುಡಿದ, ಲೋಟ ತೊಳೆದು ಕೊಟ್ಟ.

ಅವತ್ತು ಪೂಜೆಗೆ ನಾನು ತಡವಾಗಿಯೇ ಹೋದೆ. ತೆನೆಯ ಆಶೀರ್ವಾದ ಮುಗಿದಿತ್ತು. ಹಿಂದಿನ ಬಾಗಿಲ ಹತ್ತಿರ ಛತ್ರಿಗಳ ರಾಶಿಯ ಪಕ್ಕ ನಿಂತೆ. ಗಾಯನದವರ ಹಾಡು ಅಷ್ಟು ದೂರಕ್ಕೆ ಸರಿಯಾಗಿ ಕೇಳಿಸುತ್ತಿರಲಿಲ್ಲ, ಕಣ್ಣೂ ತುಂಬಲಿಲ್ಲ. ಸ್ವಾಮಿ, ಬಂದಿದ್ದೇನೆ ಅಂತ ಮಾತ್ರ ಹೇಳಿದೆ. ಆ ಮಾತನ್ನು ಅಷ್ಟು ಸಲೀಸಾಗಿ ನಾನು ಹಿಂದೆ ಯಾವತ್ತೂ ಹೇಳಿರಲಿಲ್ಲ.

ಅಣ್ಣ ಏಪ್ರಿಲ್‌ವರೆಗೆ ಆ ಬೀಗದ ಕೈ ಮುಟ್ಟಲಿಲ್ಲ ಅಂತ ಅತ್ತಿಗೆ ಆಮೇಲೆ ಹೇಳಿದರು. ಏಪ್ರಿಲ್‌ನಲ್ಲಿ ಒಂದು ಬೆಳಿಗ್ಗೆ ಪಂಪಿನ ಸದ್ದಿಗೆ ನನಗೆ ಎಚ್ಚರವಾಯಿತು.

ಈಗ ಮತ್ತೆ ನೊವೆನಾ ಶುರುವಾಗುತ್ತಿದೆ. ನಿನ್ನೆ ಪೇಟೆಗೆ ಹೊರಟಾಗ ಅಮ್ಮ ಲಕೋಟೆ ತರಲು ಹೇಳಿದರು. ಎಷ್ಟು ಬೇಕು ಅಂತ ಕೇಳಿದೆ.

"ಎರಡು ಸಾಕು" ಅಂದರು. "ಕುವೈತಿಗೊಂದು, ಮುಂಬೈಗೊಂದು."