ಜಾಗ್ವಾರ್ ನಮ್ಮ ಚಿರತೆಯೇ ಅಲ್ಲವೇ?

ಮಧ್ಯ ಮತ್ತು ದಕ್ಷಿಣ ಅಮೆರಿಕದ ಕಾಡುಗಳ ಜಾಗ್ವಾರಿನ ಚಿತ್ರ ತೋರಿಸಿದಾಗಲೆಲ್ಲ ಯಾರಾದರೊಬ್ಬರು ನನ್ನನ್ನು ಈ ಪ್ರಶ್ನೆ ಕೇಳಿಯೇ ಕೇಳುತ್ತಾರೆ. ಅಲ್ಲ. ಎರಡೂ ಒಂದೇ ಕುಲದವು, ಆದರೆ ಬೇರೆ ಬೇರೆ ಪ್ರಾಣಿಗಳು.

ಗುರುತು ಹಿಡಿಯುವುದು ಸುಲಭ. ಚಿರತೆಯ ಮೈಮೇಲಿನ ಕಪ್ಪು ಉಂಗುರಗಳು ಚಿಕ್ಕವು, ಒತ್ತೊತ್ತಾದವು, ನಡುವೆ ಖಾಲಿ. ಜಾಗ್ವಾರಿನ ಉಂಗುರಗಳು ದೊಡ್ಡವು. ಅದರ ಪಕ್ಕೆಯನ್ನು ಗಮನವಿಟ್ಟು ನೋಡಿ: ಹಲವು ಉಂಗುರಗಳ ನಡುವೆ ಯಾರೋ ಬೆರಳ ತುದಿಯಿಂದ ಇಟ್ಟಂತೆ ಒಂದೆರಡು ಬೊಟ್ಟುಗಳಿರುತ್ತವೆ.

ಆದರೆ ಈ ಎರಡು ಪ್ರಾಣಿಗಳ ನಿಜವಾದ ಅಂತರ ಇರುವುದು ಬಾಳಿನಲ್ಲಿ. ನಮ್ಮ ಕಾಡುಗಳಲ್ಲಿ ಚಿರತೆ ಹುಲಿಗೆ ಅಂಜಿ ಬದುಕಬೇಕು. ಬೇಟೆಯನ್ನು ಮರದ ಮೇಲೆ ಎಳೆದಿಟ್ಟುಕೊಳ್ಳುವುದೂ ಇಂಥ ಅಂಜಿಕೆಯಿಂದಲೇ. ಜಾಗ್ವಾರಿಗೆ ಅಂಥ ಒಡೆಯನಿಲ್ಲ. ಹುಲಿ, ಸಿಂಹಗಳ ನಂತರ ಜಗತ್ತಿನ ಅತಿ ದೊಡ್ಡ ಬೆಕ್ಕು ಅದೇ. ಸ್ಪ್ಯಾನಿಷ್ ಮಾತನಾಡುವ ಹಳ್ಳಿಗರು ಅದನ್ನು 'ತೀಗ್ರೆ', ಅಂದರೆ ಹುಲಿ ಎಂದೇ ಕರೆಯುತ್ತಾರೆ. ನನಗಂತೂ ಆ ಹೆಸರು ಒಪ್ಪುತ್ತದೆ.

ಬ್ರೆಜಿಲಿನ ಪಂಟನಾಲ್ ಜೌಗಿನಲ್ಲಿ ಗಂಡು ಜಾಗ್ವಾರ್ 100 ಕಿಲೋ ದಾಟುತ್ತದೆ. ಗಿಡ್ಡ ಕಾಲು, ದಪ್ಪ ತಲೆ, ಕುಸ್ತಿಪಟುವಿನ ಕತ್ತು. ದಡದಲ್ಲಿ ಬಿಸಿಲು ಕಾಯುವ ಕೇಮನ್ ಎಂಬ ಮೊಸಳೆಯ ಮೇಲೆ ಹಿಂದಿನಿಂದ ಎರಗಿ, ನೇರವಾಗಿ ತಲೆಗೋ ಹೆಕ್ಕತ್ತಿಗೋ ಬಾಯಿ ಹಾಕುತ್ತದೆ. ಬೇರೆ ದೊಡ್ಡ ಬೆಕ್ಕುಗಳು ಬೇಟೆಯ ಗಂಟಲು ಹಿಡಿದು ಉಸಿರುಗಟ್ಟಿಸುವುದೇ ಹೆಚ್ಚು; ಇದರ ಕೋರೆಹಲ್ಲು ತಲೆಬುರುಡೆಯನ್ನೇ ತೂರುತ್ತದೆ. ಆಮೆಯ ಚಿಪ್ಪನ್ನೂ ಒಡೆಯಬಲ್ಲ ದವಡೆ ಅದು.

ಕಪ್ಪು ಬಣ್ಣದಲ್ಲೂ ಎರಡರ ದಾರಿ ಬೇರೆ. ಕಬಿನಿಯ ಕರಿಚಿರತೆಯಂಥ ಮರಿ ಹುಟ್ಟಲು ಕಪ್ಪಿನ ವಂಶವಾಹಿ ತಂದೆತಾಯಿ ಇಬ್ಬರಿಂದಲೂ ಬರಬೇಕು. ಜಾಗ್ವಾರಿನಲ್ಲಿ ಒಬ್ಬರಿಂದ ಬಂದರೂ ಸಾಕು.

ಆದ್ದರಿಂದಲೇ ಇವೆರಡನ್ನು ಒಂದೇ ಎಂದರೆ ನನಗೆ ಸಂಕಟವಾಗುತ್ತದೆ. ಚಿರತೆ ಹೇಗೋ ಹೊಂದಿಕೊಂಡು ಮಂಡ್ಯದ ಕಬ್ಬಿನ ಗದ್ದೆಯಲ್ಲೂ ಮರಿ ಹಾಕುತ್ತದೆ. ಜಾಗ್ವಾರಿಗೆ ವಿಶಾಲವಾದ ಕಾಡು, ನೀರು ಬೇಕು. ಉರುಗ್ವೆ, ಎಲ್ ಸಾಲ್ವಡಾರ್‌ಗಳಿಂದ ಅದು ಅಳಿದೇಹೋಗಿದೆ. ಅರ್ಜೆಂಟೀನಾದ ಈಬೆರಾ ಜೌಗಿನಲ್ಲೂ ಸುಮಾರು 70 ವರ್ಷ ಅದರ ಸುಳಿವಿರಲಿಲ್ಲ. 2021ರ ಜನವರಿಯಲ್ಲಿ ಮರಿಯುವಾ ಎಂಬ ತಾಯಿ ಜಾಗ್ವಾರನ್ನೂ ಅದರ ಎರಡು ಮರಿಗಳನ್ನೂ ಅಲ್ಲಿ ಬಿಟ್ಟರು. ಈಗ ಅಲ್ಲಿನ ಕಾಡಿನಲ್ಲೇ ಹುಟ್ಟಿದ ಮರಿಗಳಿವೆ.