ಬ್ಯಾಟರಿ ಹೊಸದು, ಆಲ್ಟರ್ನೇಟರ್ ಹೊಸದು, ಆದರೂ ಸೆಲ್ಫ್ ಎಳೆಯಲ್ಲ

ಹಳೇ ಕಾರು ಬೆಳಿಗ್ಗೆ ಸ್ಟಾರ್ಟ್ ಆಗದಿದ್ದರೆ ಮನೆಯವರು, ಪಕ್ಕದ ಮನೆಯವರು, ಹಾಲು ಹಾಕಲು ಬಂದವನು, ಎಲ್ಲರ ಬಾಯಲ್ಲೂ ಒಂದೇ ಮಾತು: "ಬ್ಯಾಟರಿ ಹೋಗಿದೆ." ಬ್ಯಾಟರಿ ಅಂಗಡಿಯವರು ಇದಕ್ಕೆ ಯಾಕೆ ಬೇಡ ಅಂತಾರೆ? ಹೊಸದು ಹಾಕಿದ ಮೇಲೆ ಕೆಲವು ದಿನ ಗಾಡಿ ಗುಂಡುಕಲ್ಲಿನ ಹಾಗೆ ಓಡುತ್ತದೆ, ಆಮೇಲೆ ಮತ್ತೆ ಅದೇ ಗೋಳು. ಆಗ ಶುರುವಾಗುವುದು "ಆಲ್ಟರ್ನೇಟರ್ ಚಾರ್ಜ್ ಮಾಡ್ತಿಲ್ಲ" ಎನ್ನುವ ಎರಡನೇ ಸುತ್ತು. ನನ್ನ ಅಂಗಡಿಗೆ ಬರುವ ಪದ್ಮಿನಿ, ಅಂಬಾಸಿಡರ್‌ಗಳಲ್ಲಿ ಬಹುಪಾಲು ಈ ಎರಡೂ ಖರ್ಚು ಮುಗಿಸಿಕೊಂಡೇ ಬಂದಿರುತ್ತವೆ. ಆಯುಧ ಪೂಜೆಗೆ ಹದಿನೈದು ದಿನ ಇರುವಾಗಂತೂ ಸಾಲು ನಿಲ್ಲುತ್ತವೆ.

ಆಟೋ ಎಲೆಕ್ಟ್ರಿಕಲ್ ಕೆಲಸದಲ್ಲಿ ಇಷ್ಟು ವರ್ಷ ಕಳೆದ ಮೇಲೆ ನನ್ನ ಲೆಕ್ಕ ಇಷ್ಟೇ. ಈ ಕಾರುಗಳಲ್ಲಿ ಕರೆಂಟು ಹುಟ್ಟುವ ಜಾಗ ಅಂದರೆ ಆಲ್ಟರ್ನೇಟರ್, ಕೂಡಿಡುವ ಜಾಗ ಅಂದರೆ ಬ್ಯಾಟರಿ, ಎರಡೂ ಸಾಮಾನ್ಯವಾಗಿ ಸರಿ ಇರುತ್ತವೆ. ಹಾಳಾಗಿರುವುದು ಅವುಗಳ ನಡುವಿನ ದಾರಿ: ತುಕ್ಕು ಹಿಡಿದ ಲಗ್ಗು (ವೈರಿನ ತುದಿಯ ಲೋಹದ ಬಳೆ), ಹಸಿರುಗಟ್ಟಿದ ತಾಮ್ರ, ಸಡಿಲ ಬೋಲ್ಟು, ಬಣ್ಣ ಬಳಿದ ಅರ್ಥ್ (ಕರೆಂಟು ಬಾಡಿಯ ಮೂಲಕ ಬ್ಯಾಟರಿಗೆ ಮರಳುವ ಜೋಡಣೆ). ಆ ದಾರಿಯನ್ನು ಮೀಟರ್ ಹಿಡಿದು ಅಳೆಯುವ ತನಕ ಒಂದು ರೂಪಾಯಿಯ ಪಾರ್ಟೂ ಬದಲಿಸಬಾರದು.

ಮೊದಲು ಬ್ಯಾಟರಿಯ ವಿಚಾರಣೆ. ರಾತ್ರಿಯಿಡೀ ಸುಮ್ಮನೆ ನಿಂತ ಗಾಡಿಯಲ್ಲಿ ನೋಡಿದರೆ ಒಳ್ಳೆಯದು. ಆಗಷ್ಟೇ ಓಡಿಸಿ ತಂದಿದ್ದರೆ ಹೆಡ್‌ಲೈಟ್ ಒಂದೆರಡು ನಿಮಿಷ ಹಾಕಿ, ಆರಿಸಿ, ಸ್ವಲ್ಪ ಹೊತ್ತು ಬಿಟ್ಟು ಮೀಟರ್ ಇಡಬೇಕು. ಇಲ್ಲದಿದ್ದರೆ ಪ್ಲೇಟಿನ ಮೇಲಷ್ಟೇ ಕೂತಿರುವ ಚಾರ್ಜು ಸುಳ್ಳು ಹೇಳುತ್ತದೆ. 12.6 ವೋಲ್ಟಿನ ಮೇಲಿದ್ದರೆ ತುಂಬಿದೆ. 12.2 ಅಂದರೆ ಅರ್ಧ ಖಾಲಿ. 11.9ಕ್ಕೆ ಇಳಿದಿದ್ದರೆ ಬರಿದಾಗಿದೆ, ಮೊದಲು ಚಾರ್ಜಿಗೆ ಹಾಕಿ ಆಮೇಲೆ ಮಿಕ್ಕ ಮಾತು. ಮುಚ್ಚಳ ಬಿಚ್ಚುವ ಬ್ಯಾಟರಿಯಾದರೆ ಆಸಿಡ್ಡಿನ ಸಾಂದ್ರತೆ (ಗ್ರಾವಿಟಿ) ಅಳೆಯುವ ಹೈಡ್ರೋಮೀಟರ್ ನನಗೆ ಇನ್ನೂ ನಂಬಿಕೆಯ ಸಾಧನ. ಆರೂ ಸೆಲ್‌ಗಳ ಗ್ರಾವಿಟಿ ಹತ್ತಿರ ಹತ್ತಿರ ಇರಬೇಕು. ಐದರಲ್ಲಿ 1.250 ತೋರಿಸಿ ಒಂದರಲ್ಲಿ ಮಾತ್ರ 1.180 ಬಂದರೆ ಆ ಸೆಲ್ ಮುಗಿದಿದೆ ಅಂತಲೇ ಅರ್ಥ, ಎಷ್ಟು ಚಾರ್ಜ್ ಮಾಡಿದರೂ ವ್ಯರ್ಥ.

ಸೆಲ್ಫ್ (ಎಂಜಿನ್ ತಿರುಗಿಸುವ ಸ್ಟಾರ್ಟರ್ ಮೋಟಾರ್) ಹೊಡೆಯುವುದರಿಂದ ಬ್ಯಾಟರಿ ಖಾಲಿಯಾಗುತ್ತದೆ ಎನ್ನುವುದು ದೊಡ್ಡ ತಪ್ಪು ಕಲ್ಪನೆ. 150 ಆಂಪಿಯರಿನಷ್ಟು ಎಳೆದು ಮೂರು ಸೆಕೆಂಡಿನಲ್ಲಿ ಎಂಜಿನ್ ಹೊತ್ತಿಕೊಂಡರೆ ಖರ್ಚಾಗುವುದು ಒಂದು ಆಂಪಿಯರ್-ಅವರಿನ (ಒಂದು ಆಂಪಿಯರ್ ಒಂದು ಗಂಟೆ ಹರಿದಷ್ಟು) ಎಂಟನೇ ಒಂದು ಭಾಗ. ಅದನ್ನು ಆಲ್ಟರ್ನೇಟರ್ ಕೆಲವೇ ನಿಮಿಷದಲ್ಲಿ ತುಂಬಿಕೊಡಬೇಕು. ತುಂಬಿಲ್ಲ ಅಂದರೆ ಕರೆಂಟು ಬ್ಯಾಟರಿಗೆ ತಲುಪುತ್ತಿಲ್ಲ, ಇಲ್ಲವೇ ರಾತ್ರಿ ಎಲ್ಲೋ ಸೋರುತ್ತಿದೆ.

ತಲುಪದೇ ಇರುವುದಕ್ಕೆ ನನ್ನ ಅಂಗಡಿಗೆ ಬಂದ ಒಬ್ಬ ಮೇಷ್ಟ್ರ ಪದ್ಮಿನಿಯೇ ಸಾಕ್ಷಿ. ನಿವೃತ್ತರಾದ ಮೇಲೆ ಆಸೆಪಟ್ಟು ಟಿಂಕರಿಂಗ್, ಪೇಂಟಿಂಗ್ ಎಲ್ಲ ಮಾಡಿಸಿದ್ದರು. ಎಂಜಿನ್ ಇಳಿಸಿ ಬ್ಲಾಕಿಗೂ ಬಣ್ಣ ಹೊಡೆಸಿದ್ದರು. ಗಾಡಿ ನೋಡಿದರೆ ದೃಷ್ಟಿ ತಾಗಬೇಕು, ಹಾಗಿತ್ತು. ಸೆಲ್ಫ್ ಮಾತ್ರ ಮುಲುಗುಟ್ಟುತ್ತಿತ್ತು.

"ಬ್ಯಾಟರಿ ಹೊಸದು ಕಣಯ್ಯಾ, ಬಿಲ್ ಇದೆ ನೋಡು. ಆಲ್ಟರ್ನೇಟರ್ ಕೂಡ ಬದಲಾಯಿಸಿದ್ದಾಯ್ತು."

"ಇರಲಿ ಸಾರ್. ನೀವು ಸೆಲ್ಫ್ ಹೊಡೀರಿ, ನಾನು ಮೀಟರ್ ನೋಡ್ತೀನಿ."

ಸುಮ್ಮನಿದ್ದಾಗ 12.5. ಸೆಲ್ಫ್ ಹೊಡೆದಾಗ ಬ್ಯಾಟರಿಯ ಎರಡು ಪೋಸ್ಟುಗಳ ನಡುವೆ 11.3. ಕೇಳಿದವರಿಗೆ ಇದು ಒಳ್ಳೆಯ ಸುದ್ದಿ ಅನ್ನಿಸಬಹುದು. ದುರ್ಬಲ ಬ್ಯಾಟರಿಯಾಗಿದ್ದರೆ ಆ ಹೊರೆಗೆ 9.6ರ ಕೆಳಗೆ ಕುಸಿಯಬೇಕಿತ್ತು. ಇದು ಕುಸಿಯಲೇ ಇಲ್ಲ, ಆದರೂ ಮೋಟಾರ್ ನಿಧಾನ ತಿರುಗುತ್ತಿದೆ. ಅಂದರೆ ಬ್ಯಾಟರಿ ಕೊಡಲು ಸಿದ್ಧವಿದೆ, ನಡುವೆ ಯಾರೋ ತಡೆದಿದ್ದಾರೆ. ಮೀಟರಿನ ಒಂದು ಮೊನೆಯನ್ನು ಗಾಡಿಯ ಬಾಡಿಗೆ, ಇನ್ನೊಂದನ್ನು ಎಂಜಿನ್ ಬ್ಲಾಕಿನ ಬರಿ ಕಬ್ಬಿಣಕ್ಕೆ ಒತ್ತಿ ಇನ್ನೊಮ್ಮೆ ಹೊಡೆಸಿದೆ. ನಾಲ್ಕು ವೋಲ್ಟಿನ ಹತ್ತಿರ ಬಂತು. ಅರ್ಥ್ ಸರಿಯಿದ್ದರೆ ಅಲ್ಲಿ ಪಾಯಿಂಟ್ ಎರಡೋ ಮೂರೋ ಬಂದರೆ ಹೆಚ್ಚು.

ಕೈಯನ್ನು ಡ್ಯಾಶ್‌ಬೋರ್ಡಿನಿಂದ ಎಂಜಿನ್‌ಗೆ ಹೋಗುವ ಚೋಕ್ ಕೇಬಲ್ ಮೇಲಿಟ್ಟು ನೋಡಿದರೆ ಬಿಸಿ! ಹೊರಗಿನ ಪ್ಲಾಸ್ಟಿಕ್ ಒಂದು ಕಡೆ ಮೆತ್ತಗಾಗಿ ಹೊಳೆಯುತ್ತಿತ್ತು. ಎಂಜಿನ್ ರಬ್ಬರ್ ಮೌಂಟಿಂಗ್ ಮೇಲೆ ಕೂತಿರುತ್ತದೆ. ಬಾಡಿಗೂ ಅದಕ್ಕೂ ಗಟ್ಟಿ ಸಂಬಂಧ ಅಂದರೆ ಹೆಣೆದ ತಾಮ್ರದ ಅರ್ಥ್ ಪಟ್ಟಿ ಒಂದೇ. ಆ ಪಟ್ಟಿ ಕೈಕೊಟ್ಟರೆ ಸೆಲ್ಫಿನ ಕರೆಂಟು ಸಿಕ್ಕ ದಾರಿ ಹಿಡಿಯುತ್ತದೆ: ಚೋಕ್ ಕೇಬಲ್, ಎಕ್ಸಿಲರೇಟರ್ ಕೇಬಲ್, ಏನು ಸಿಕ್ಕರೆ ಅದು. ಕೇಬಲ್ ಪದೇ ಪದೇ ಜಾಮ್ ಆಗುತ್ತದೆ ಎಂದು ಮೆಕ್ಯಾನಿಕ್ ಹತ್ತಿರ ಓಡುವವರು ಒಮ್ಮೆ ಈ ಪಟ್ಟಿಯ ಕಡೆ ನೋಡಬೇಕು.

ಎಂಜಿನ್ ಚಾಲೂ ಮಾಡಿ, ಹೆಡ್‌ಲೈಟ್ ಹಾಕಿ ಮತ್ತೆ ಅಳೆದೆ. ಆಲ್ಟರ್ನೇಟರಿನ ದಪ್ಪ ವೈರಿನ ಟರ್ಮಿನಲ್‌ಗೂ ಅದರದೇ ಬಾಡಿಗೂ ನಡುವೆ 14.3. ಚೊಕ್ಕ. ಬ್ಯಾಟರಿ ಪೋಸ್ಟುಗಳಲ್ಲಿ 13.1. ಕಳೆದುಹೋದ 1.2 ವೋಲ್ಟು ಎಲ್ಲಿ? ಪಾಸಿಟಿವ್ ಕಡೆ, ಆಲ್ಟರ್ನೇಟರಿನಿಂದ ಬ್ಯಾಟರಿಯ ತನಕ 0.2. ಅದು ಸಹಜ. ನೆಗೆಟಿವ್ ಕಡೆ ಒಂದು ವೋಲ್ಟು. ಅದರಲ್ಲಿ 0.9ಕ್ಕಿಂತ ಹೆಚ್ಚು ಬಾಡಿಗೂ ಎಂಜಿನ್‌ಗೂ ನಡುವೆಯೇ. ವೋಲ್ಟೇಜನ್ನು ಹದದಲ್ಲಿಡುವ ರೆಗ್ಯುಲೇಟರ್ ಆಲ್ಟರ್ನೇಟರಿನ ಒಳಗೇ ಕೂತು ತನ್ನ ಬಾಗಿಲಲ್ಲಿ ಎಷ್ಟಿದೆ ಎಂದಷ್ಟೇ ನೋಡುತ್ತದೆ. ಬ್ಯಾಟರಿಗೆ ತಲುಪಿದ್ದೆಷ್ಟು ಎನ್ನುವುದು ಅದಕ್ಕೆ ಗೊತ್ತಾಗುವುದಿಲ್ಲ. ಹಾಗಾಗಿ ಎಷ್ಟು ಹೊಸ ಆಲ್ಟರ್ನೇಟರ್ ತಂದು ಕೂರಿಸಿದರೂ ಉತ್ತರ ಅದೇ.

ಬೋಲ್ಟ್ ಬಿಚ್ಚಿದರೆ ಕಂಡದ್ದು ಕನ್ನಡಿಯಂಥ ಬಣ್ಣ. ಪಟ್ಟಿಯ ಲಗ್ಗನ್ನು ಪೇಂಟಿನ ಮೇಲೆಯೇ ಕೂರಿಸಿ ಬಿಗಿದಿದ್ದರು. ಅಷ್ಟಿಷ್ಟು ಕರೆಂಟು ಹೋಗುತ್ತಿದ್ದದ್ದು ಬೋಲ್ಟಿನ ಹಲ್ಲುಗಳ ಮೂಲಕ. ಬಣ್ಣದವನ ಮೇಲೆ ನನಗೆ ಕೋಪವಿಲ್ಲ, ಅವನ ಕೆಲಸ ಬಣ್ಣ. ಎಮರಿ ಪೇಪರಿನಲ್ಲಿ ಕಬ್ಬಿಣ ಬೆಳ್ಳಗೆ ಕಾಣುವ ತನಕ ಉಜ್ಜಿ, ಹಲ್ಲಿನ ವಾಷರ್ ಹಾಕಿ ಬಿಗಿದು, ಮೇಲೆ ವ್ಯಾಸಲೀನ್ ಸವರಿದೆ. ಸೆಲ್ಫ್ ಗಿರ್ರೆಂದಿತು. ಬ್ಯಾಟರಿಯಲ್ಲಿ 14ರ ಮೇಲೆ ಬಂತು. ಮೇಷ್ಟ್ರು ಹಳೆಯ ಆಲ್ಟರ್ನೇಟರನ್ನು ಗುಜರಿಗೆ ಹಾಕಿರಲಿಲ್ಲ, ಡಿಕ್ಕಿಯಲ್ಲೇ ಇತ್ತು. ಬೆಂಚಿನ ಮೇಲೆ ಹಾಕಿ ನೋಡಿದರೆ ಅದಕ್ಕೂ ಏನೂ ಆಗಿರಲಿಲ್ಲ.

ದಾರಿಯಲ್ಲಿ ಎಷ್ಟು ವೋಲ್ಟೇಜ್ ಕಳೆದುಹೋಗುತ್ತದೆ ಎಂದು ನೋಡುವ ಈ ವೋಲ್ಟೇಜ್ ಡ್ರಾಪ್ ಪರೀಕ್ಷೆಗೆ ಒಂದು ಷರತ್ತಿದೆ. ಕರೆಂಟು ಹರಿಯುತ್ತಿರುವಾಗಲೇ ನೋಡಬೇಕು. ಗಾಡಿ ನಿಲ್ಲಿಸಿ ಓಮ್ಸ್‌ನಲ್ಲಿ ಅಳೆದರೆ ಒಂದೇ ಒಂದು ಎಳೆ ಉಳಿದಿರುವ ವೈರೂ ಸೊನ್ನೆ ತೋರಿಸಿ ನಿಮ್ಮನ್ನು ಯಾಮಾರಿಸುತ್ತದೆ.

ಫ್ಯಾನ್ ಬೆಲ್ಟಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಉದ್ದದ ಕಡೆ ಹೆಬ್ಬೆರಳಲ್ಲಿ ಒತ್ತಿದರೆ ಅರ್ಧ ಇಂಚು ತಗ್ಗಬೇಕು, ಅಷ್ಟೆ. ತೀರಾ ಬಿಗಿದರೆ ವಾಟರ್ ಪಂಪಿನ ಬೇರಿಂಗ್ ಹೋಗುತ್ತದೆ.

ಡ್ಯಾಶ್‌ಬೋರ್ಡಿನ ಕೆಂಪು ದೀಪದ ಬಗ್ಗೆ ಮಾತ್ರ ಹೇಳಲೇಬೇಕು. ಅದು ಬರೀ ಸೂಚನೆಯ ದೀಪ ಅಂದುಕೊಂಡವರೇ ಹೆಚ್ಚು. ಬಹಳಷ್ಟು ಹಳೇ ಆಲ್ಟರ್ನೇಟರ್‌ಗಳಲ್ಲಿ ಒಳಗೆ ತಿರುಗುವ ರೋಟರಿಗೆ ಮೊದಲ ಕರೆಂಟು ಹೋಗುವುದೇ ಆ ಬಲ್ಬಿನ ಮೂಲಕ. ಕೀ ತಿರುಗಿಸಿದಾಗ ದೀಪ ಹತ್ತಲೇ ಇಲ್ಲ ಅಂದರೆ ಖುಷಿಪಡಬೇಡಿ. ಬಲ್ಬು ಹೋಗಿದ್ದರೆ ಆಲ್ಟರ್ನೇಟರ್ ಏಳುವುದೇ ಇಲ್ಲ, ಇಲ್ಲವೇ ಜೋರಾಗಿ ರೇಸ್ ಕೊಟ್ಟ ಮೇಲೆ ಏಳುತ್ತದೆ. ಈಚೆಗೆ ಡ್ಯಾಶ್‌ಬೋರ್ಡ್ ಚೆನ್ನಾಗಿ ಕಾಣಲಿ ಎಂದು ಎಲ್ಲ ಬಲ್ಬು ತೆಗೆದು ಎಲ್‌ಇಡಿ ಹಾಕಿಸುತ್ತಾರೆ. ಎಲ್‌ಇಡಿ ಎಳೆಯುವ ಚೂರು ಕರೆಂಟು ರೋಟರಿಗೆ ಸಾಲದು. ಆ ಒಂದು ಹೋಲ್ಡರಿನಲ್ಲಿ ಹಳೇ ಬಲ್ಬನ್ನೇ ಬಿಡಿ. ಎಂಜಿನ್ ಓಡುವಾಗ ದೀಪ ಪೂರ್ತಿ ಆರದೆ ಮಂದವಾಗಿ ಮಿಣುಕುತ್ತಿದ್ದರೆ ಆಲ್ಟರ್ನೇಟರಿನ ಡಯೋಡ್ (ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಭಾಗ) ಮೇಲೆ ಅನುಮಾನ ಪಡಬೇಕು. ಮೀಟರನ್ನು ಎಸಿ ವೋಲ್ಟಿಗೆ ತಿರುಗಿಸಿ ಬ್ಯಾಟರಿಯ ಮೇಲಿಟ್ಟರೆ ಅರ್ಧ ವೋಲ್ಟಿಗಿಂತ ಜಾಸ್ತಿ ತೋರಿಸುತ್ತದೆ.

ಡಯೋಡ್ ಹಾಳಾಗಲು ನಮ್ಮಲ್ಲೇ ಒಂದು ಕೆಟ್ಟ ಅಭ್ಯಾಸ ಇದೆ. ಎಂಜಿನ್ ಓಡುತ್ತಿರುವಾಗ ಬ್ಯಾಟರಿ ಟರ್ಮಿನಲ್ ಕಿತ್ತು "ಎಂಜಿನ್ ನಿಂತಿಲ್ಲ, ಚಾರ್ಜಿಂಗ್ ಇದೆ" ಎಂದು ತೀರ್ಪು ಕೊಡುವುದು. ಆಲ್ಟರ್ನೇಟರಿಗೂ ಮೊದಲಿದ್ದ ಡೈನಮೋ ಕಾಲದಿಂದ ಬಂದ ಪದ್ಧತಿ ಇದು. ಆಲ್ಟರ್ನೇಟರಿನಲ್ಲಿ ಹೀಗೆ ಮಾಡಿದರೆ ಹೊರೆ ಏಕಾಏಕಿ ತಪ್ಪಿ ವೋಲ್ಟೇಜ್ ಮೇಲಕ್ಕೆ ಹಾರುತ್ತದೆ, ಡಯೋಡೂ ರೆಗ್ಯುಲೇಟರೂ ಒಟ್ಟಿಗೆ ಹೋಗಬಹುದು. ನನ್ನ ಅಂಗಡಿಯ ಹುಡುಗರಿಗೆ ಇದೊಂದು ವಿಷಯದಲ್ಲಿ ಬೈಗುಳ ಖಾಯಂ.

ಇನ್ನು ಡೈನಮೋ ಇರುವ ಹಳೇ ಅಂಬಾಸಿಡರ್‌ಗಳು. ಐಡಲ್‌ನಲ್ಲಿ ಕೆಂಪು ದೀಪ ಮಿಟುಕಿದರೆ ಇವುಗಳಲ್ಲಿ ರೋಗವಲ್ಲ. ಡೈನಮೋ ಆ ವೇಗದಲ್ಲಿ ಚಾರ್ಜ್ ಮಾಡುವುದೇ ಇಲ್ಲ. ಲೂಕಾಸ್ ಕಂಪನಿಯ ಸಿ40 ಡೈನಮೋ ಪೂರಾ ವೇಗದಲ್ಲಿ ಕೊಡುವುದೇ 22 ಆಂಪಿಯರ್. ಅದೇ ಕಂಪನಿಯ 17ಎಸಿಆರ್ ಆಲ್ಟರ್ನೇಟರ್ 36 ಕೊಡುತ್ತದೆ. ರಾತ್ರಿ ಕಣ್ಣಿಗೆ ಕಾಣಲ್ಲ ಎಂದು 100 ವ್ಯಾಟಿನ ಎರಡು ಬಲ್ಬು ಹಾಕಿಸಿದರೆ ಅವೇ 16 ಆಂಪಿಯರ್ ನುಂಗುತ್ತವೆ. ಇಗ್ನಿಷನ್ ಕಾಯಿಲ್, ವೈಪರ್, ಹಿಂದಿನ ದೀಪ ಸೇರಿದರೆ ಬ್ಯಾಟರಿಗೆ ಉಳಿಯುವುದು ಏನು? ಇಲ್ಲಿ ರಿಪೇರಿ ಮಾಡುವುದಕ್ಕೆ ಏನೂ ಇರುವುದಿಲ್ಲ, ಬಲ್ಬು ಬದಲಾಯಿಸಬೇಕು.

ನಿಜಕ್ಕೂ ಡೈನಮೋ ಮೇಲೆಯೇ ಅನುಮಾನವಿದ್ದರೆ ಅದರ ಮೇಲಿನ ಡಿ (ಕರೆಂಟು ಹೊರಬರುವುದು), ಎಫ್ (ಫೀಲ್ಡ್ ಕಾಯಿಲ್‌ನದು) ಎರಡೂ ವೈರು ಬಿಚ್ಚಿ, ಆ ಎರಡು ಟರ್ಮಿನಲ್‌ಗಳನ್ನು ಒಂದು ತುಂಡು ವೈರಿನಿಂದ ಜೋಡಿಸಿ, ಅಲ್ಲಿಗೂ ಗಾಡಿಯ ಬಾಡಿಗೂ ನಡುವೆ ಮೀಟರ್ ಇಡಿ. ರೇಸ್ ನಿಧಾನಕ್ಕೆ ಏರಿಸಿದಂತೆ ವೋಲ್ಟೇಜೂ ತಡವರಿಸದೆ ಏರಬೇಕು. 20 ದಾಟಿಸಬೇಡಿ. ಅರ್ಧದಿಂದ ಒಂದು ವೋಲ್ಟಿನಲ್ಲೇ ನಿಂತರೆ ಫೀಲ್ಡ್ ಕಾಯಿಲ್ (ಒಳಗಿನ ನಿಂತ ಸುತ್ತು), ನಾಲ್ಕೈದಕ್ಕೆ ನಿಂತರೆ ಆರ್ಮೇಚರ್ (ತಿರುಗುವ ಸುತ್ತು) ಕೆಟ್ಟಿದೆ ಎಂದು ಹಿಡಿಯಬಹುದು. ಚೆನ್ನಾಗಿ ಏರಿದರೆ ಡೈನಮೋ ನಿರಪರಾಧಿ, ಚಾರ್ಜಿಂಗ್ ಹತೋಟಿಯಲ್ಲಿಡುವ ಕಟೌಟ್ ಡಬ್ಬಿಯ ಕಡೆ ತಿರುಗಿ.

ಕೊನೆಗೆ ರಾತ್ರಿಯ ಸೋರಿಕೆ. ಎಲ್ಲ ಆರಿಸಿ, ಬಾಗಿಲು ಹಾಕಿ, ನೆಗೆಟಿವ್ ಕೇಬಲ್ ಬಿಚ್ಚಿ ಪೋಸ್ಟಿಗೂ ಕೇಬಲ್ಲಿಗೂ ನಡುವೆ ಆಂಪಿಯರ್ ಮೀಟರ್ ಸೇರಿಸಬೇಕು. ಮೀಟರ್ ಸೇರಿಸಿದ ಮೇಲೆ ಅಪ್ಪಿತಪ್ಪಿಯೂ ಸೆಲ್ಫ್ ಹೊಡೆಯಬೇಡಿ, ಮೀಟರಿನ ಫ್ಯೂಸ್ ಹಾರುತ್ತದೆ. ಕಂಪ್ಯೂಟರ್ ಇಲ್ಲದ ಈ ಕಾರುಗಳಲ್ಲಿ ಸೊನ್ನೆಯ ಹತ್ತಿರವೇ ಬರಬೇಕು. ಸ್ಟೀರಿಯೋ ಇದ್ದರೆ ಹತ್ತಿಪ್ಪತ್ತು ಮಿಲಿ ಆಂಪಿಯರ್ ಒಪ್ಪಬಹುದು. ಕಾಲು ಆಂಪಿಯರ್ ಬಂದರೆ ದಿನಕ್ಕೆ ಆರು ಆಂಪಿಯರ್-ಅವರ್ ಹೋಯಿತು. 35 ಆಂಪಿಯರ್-ಅವರಿನ ಬ್ಯಾಟರಿ ವಾರ ತುಂಬುವುದರೊಳಗೆ ಮಲಗುತ್ತದೆ. ಫ್ಯೂಸುಗಳನ್ನು ಒಂದೊಂದಾಗಿ ಕೀಳುತ್ತಾ ಬನ್ನಿ, ಯಾವುದು ತೆಗೆದಾಗ ಮುಳ್ಳು ಬೀಳುತ್ತದೋ ಕಳ್ಳ ಆ ಲೈನಿನಲ್ಲಿದ್ದಾನೆ. ಎಲ್ಲ ಕಿತ್ತರೂ ಬೀಳದಿದ್ದರೆ ಬ್ಯಾಟರಿ ಬಿಚ್ಚಿರುವಾಗ ಆಲ್ಟರ್ನೇಟರಿನ ದಪ್ಪ ವೈರು ತೆಗೆದು, ಮೀಟರ್ ಜೋಡಿಸಿ ಮತ್ತೆ ನೋಡಿ. ಕೆಟ್ಟ ಡಯೋಡ್ ಇಡೀ ರಾತ್ರಿ ಕರೆಂಟನ್ನು ಹಿಂದಕ್ಕೆ ಬಿಡುತ್ತಿರುತ್ತದೆ. ಅಂಥ ಗಾಡಿಯಲ್ಲಿ ಬೆಳಿಗ್ಗೆ ಎಂಜಿನ್ ತಣ್ಣಗಿದ್ದರೂ ಆಲ್ಟರ್ನೇಟರ್ ಮುಟ್ಟಿದರೆ ಉಗುರುಬೆಚ್ಚಗೆ ಇದ್ದದ್ದನ್ನು ನೋಡಿದ್ದೇನೆ.

ತಿಂಗಳಿಗೊಮ್ಮೆ ಮಾತ್ರ ಗಾಡಿ ತೆಗೆಯುವವರಿಗೆ ನೆಗೆಟಿವ್ ಕೇಬಲ್ಲಿಗೆ ಒಂದು ಕಟ್-ಆಫ್ ಸ್ವಿಚ್ ಹಾಕಿಸಿಕೊಳ್ಳಿ ಅನ್ನುತ್ತೇನೆ. ಅದನ್ನು ಎಂಜಿನ್ ನಿಲ್ಲಿಸಿದ ಮೇಲೆಯೇ ತಿರುಗಿಸಬೇಕು. ಮತ್ತೆ ಪೇಂಟಿಂಗಿಗೆ ಬಿಡುವವರು ಅರ್ಥ್ ಪಾಯಿಂಟುಗಳಿಗೆ ಮಾಸ್ಕಿಂಗ್ ಟೇಪ್ ತಾವೇ ಅಂಟಿಸಿ ಗಾಡಿ ಕೊಟ್ಟು ಬನ್ನಿ.