ನಾಲ್ಕನೇ ಸೀಟು, ಎರಡನೇ ಆಪರೇಷನ್

ಹೋದ ತಿಂಗಳು ಡೊಂಬಿವಿಲಿಯಿಂದ ಮುಂಬಯಿಯ ಸಿಎಸ್‌ಎಂಟಿ ಸ್ಟೇಷನ್‌ಗೆ ಹೋಗುವ ಲೋಕಲ್ ರೈಲಿನಲ್ಲಿ ಒಬ್ಬಳು ಕಾಲೇಜು ಹುಡುಗಿ ನನ್ನ ಭುಜ ತಟ್ಟಿ "ಆಂಟಿ, ಥೋಡಾ ಸರ್ಕೋ ನಾ" ಅಂದಳು. ನಾನು ಸರಿದೆ. ಅವಳು ಕೂತಳು. ಆದದ್ದು ಅಷ್ಟೇ. ಆದರೆ ಠಾಣೆ ಬರುವವರೆಗೂ ನನಗೆ ಕಣ್ಣು ಒರೆಸಿಕೊಳ್ಳುವುದೇ ಕೆಲಸವಾಯಿತು.

ಊರಲ್ಲಿರುವವರಿಗೆ ಇದು ತಟ್ಟನೆ ಅರ್ಥವಾಗಲಿಕ್ಕಿಲ್ಲ. ಇಲ್ಲಿಯ ಲೋಕಲ್‌ನ ಸೀಟು ಮೂವರಿಗೆ ಅಂತ ಮಾಡಿದ್ದು, ಕೂರುವುದು ನಾಲ್ವರು. ನಾಲ್ಕನೆಯವರು ಅರ್ಧ ಸೀಟಿನ ಮೇಲೆ, ಅರ್ಧ ಗಾಳಿಯಲ್ಲಿ, ಒಂದು ಕಾಲು ದಾರಿಗೆ ಅಡ್ಡ ಇಟ್ಟುಕೊಂಡು ಕೂರುತ್ತಾರೆ. ಯಾವ ಕಾನೂನಿನಲ್ಲೂ ಇಲ್ಲದ ಈ 'ಫೋರ್ತ್ ಸೀಟ್' ಅನ್ನು ಮುಂಬಯಿಯಲ್ಲಿ ಯಾರೂ ಇಲ್ಲ ಅನ್ನುವ ಹಾಗಿಲ್ಲ. ಮದುವೆಯಾಗಿ ಕುಂದಾಪುರ ಕಡೆಯಿಂದ ಇಲ್ಲಿಗೆ ಬಂದು 17 ವರ್ಷ ಆಯಿತು. ಅದರಲ್ಲಿ ಹೆಚ್ಚುಕಡಿಮೆ ಹತ್ತು ವರ್ಷ ನಾನು ಕೂತ ಸೀಟಿಗೆ ಮಾತ್ರ ನಾಲ್ಕನೆಯವರು ಇರಲಿಲ್ಲ. ಯಾರೂ ಸರಿಯಿರಿ ಅಂತ ಕೇಳುತ್ತಿರಲಿಲ್ಲ. ಒಂದು ಸಲ ಮೇಲಿಂದ ಕೆಳಗೆ ನೋಡಿ ಮುಂದಿನ ಸೀಟಿಗೆ ಹೋಗುತ್ತಿದ್ದರು. ಬೈದರೂ ಪರವಾಗಿಲ್ಲ, ಆ ನೋಟ ಬೇಡ ಅನಿಸುತ್ತಿತ್ತು. ಕೊನೆಗೆ ಸೀಟು ಖಾಲಿ ಇದ್ದರೂ ಬಾಗಿಲ ಹತ್ತಿರ ನಿಂತೇ ಹೋಗುವುದು ರೂಢಿ ಮಾಡಿಕೊಂಡೆ.

ನನ್ನ ತೂಕ 156 ಕೆಜಿ ಇತ್ತು. ಎತ್ತರ 157 ಸೆಂಟಿಮೀಟರ್. ಬಿಎಂಐ, ಅಂದರೆ ಎತ್ತರಕ್ಕೆ ತೂಕ ಎಷ್ಟು ಜಾಸ್ತಿ ಅಂತ ನೋಡುವ ಅಳತೆ, ಲೆಕ್ಕ ಹಾಕಿದರೆ 63. ಮನೆಯ ತೂಕದ ಮೆಷಿನ್ 150 ದಾಟಿದರೆ ನಂಬರ್ ತೋರಿಸದೆ 'ಎರರ್' ಅನ್ನುತ್ತಿತ್ತು, ಹಾಗಾಗಿ ಎಷ್ಟೋ ತಿಂಗಳು ನನ್ನ ತೂಕ ಎಷ್ಟು ಅಂತ ನನಗೇ ಗೊತ್ತಿರಲಿಲ್ಲ. ಗೊತ್ತಾಗದೇ ಇರುವುದು ಒಂಥರಾ ಸುಖವೇ. ಸಕ್ಕರೆ ಕಾಯಿಲೆ, ಮಂಡಿ ನೋವು, ರಾತ್ರಿ ಉಸಿರು ನಿಂತುನಿಂತು ಬರುವುದು, ಎಲ್ಲ ಇತ್ತು. ಮೂಗಿಗೆ ಕಟ್ಟಿಕೊಳ್ಳುವ ಸಿಪ್ಯಾಪ್ ಮೆಷಿನ್ ಹಾಕಿಕೊಂಡು ಮಲಗುತ್ತಿದ್ದೆ, ನಮ್ಮ ಮನೆಯವರಿಗೆ ಅದರ ಸದ್ದು ಇಲ್ಲದಿದ್ದರೆ ನಿದ್ದೆ ಬರುವುದಿಲ್ಲ ಅನ್ನುವಷ್ಟು ಅಭ್ಯಾಸವಾಗಿತ್ತು.

2024ರ ಜೂನ್‌ನಲ್ಲಿ, ಮಳೆ ಹಿಡಿದ ವಾರ, ಇಲ್ಲಿಯ ಒಂದು ಆಸ್ಪತ್ರೆಯಲ್ಲಿ ತೂಕ ಇಳಿಸುವ ಮೊದಲ ಆಪರೇಷನ್ ಆಯಿತು. ಸ್ಲೀವ್ ಅನ್ನುತ್ತಾರೆ. ಜಠರದ ಸುಮಾರು ಮುಕ್ಕಾಲು ಭಾಗ ಕತ್ತರಿಸಿ ತೆಗೆದು, ಉಳಿದದ್ದನ್ನು ಒಂದು ಬಾಳೆಹಣ್ಣಿನ ಆಕಾರಕ್ಕೆ ಹೊಲಿದುಬಿಡುತ್ತಾರೆ. ಇದು ಮೊದಲ ಹಂತ ಮಾತ್ರ, ಎರಡನೆಯದು ಒಂದು ವರ್ಷ ಕಳೆದ ಮೇಲೆ ಅಂತ ಡಾಕ್ಟರು ಮೊದಲೇ ಹೇಳಿದ್ದರು. ಊರಿನವರಿಗೆ ನಾನೇ ಇದನ್ನು ಸರಿಯಾಗಿ ಹೇಳಲಿಲ್ಲ. ಈಗ ಅದರ ಫಲ ಉಣ್ಣುತ್ತಿದ್ದೇನೆ.

ಚೌತಿಗೆ ಊರಿಗೆ ಹೋಗಿದ್ದೆ. ಹದಿನಾಲ್ಕು ತಿಂಗಳಲ್ಲಿ 48 ಕೆಜಿ ಇಳಿದಿದೆ, ಈಗ 108. ಡೊಂಬಿವಿಲಿಯ ಪಕ್ಕದ ಮನೆಯ ಕಾಕೂ ಲಿಫ್ಟಿನಲ್ಲಿ ಸಿಕ್ಕಾಗಲೆಲ್ಲ "ಕಿತೀ ಬಾರೀಕ್ ಝಾಲೀಸ ಗ!" ಅನ್ನುತ್ತಾರೆ, ಎಷ್ಟು ತೆಳ್ಳಗಾದೆಯಲ್ಲೇ ಅಂತ. ಅದೇ ಮುಖ ಹೊತ್ತುಕೊಂಡು ಊರಿಗೆ ಹೋದರೆ, ನನ್ನನ್ನು ಮದುವೆಯ ಹೊತ್ತಿನಲ್ಲಿ ನೋಡಿದ್ದ ದೊಡ್ಡಮ್ಮ ಅಂಗಳದಲ್ಲೇ ನಿಲ್ಲಿಸಿ, "ಅಷ್ಟು ದುಡ್ಡು ಕೊಟ್ಟು ಕೊಯ್ಸಿಕೊಂಡೂ ಹೀಗೇ ಇದ್ದೀಯಲ್ಲ ಮಾರಾಯ್ತಿ" ಅಂದರು. ಮತ್ತೆ ಮಾಡಿಸಬೇಕು ಅಂತ ಗೊತ್ತಾದ ಮೇಲಂತೂ ಮುಗಿಯಿತು. ಮೊದಲನೆಯದು ಕೆಟ್ಟುಹೋಗಿದೆ, ಮುಂಬಯಿ ಡಾಕ್ಟರು ಮೋಸ ಮಾಡಿದ್ದಾರೆ, ಇಲ್ಲವಾದರೆ ಇವಳೇ ಕದ್ದು ತಿಂದಿದ್ದಾಳೆ. ಮೂರರಲ್ಲಿ ಒಂದನ್ನು ಆರಿಸಿಕೊಳ್ಳಿ ಅನ್ನುವ ಹಾಗಿತ್ತು.

ಕೆಟ್ಟಿಲ್ಲ. ಮೊದಲು ಜಠರ, ಆಮೇಲೆ ಕರುಳು, ಹೀಗೆ ಎರಡು ಕಂತಿನಲ್ಲಿ ಮಾಡುವುದೇ ಲೆಕ್ಕ. ಅಷ್ಟು ಭಾರ ಇರುವವರಿಗೆ ಹೊಟ್ಟೆಯೊಳಗೆ ಕೊಬ್ಬಿನ ದಪ್ಪ ಪದರ, ಊದಿದ ಲಿವರ್ ಜಠರದ ಮೇಲೆ ಮುಚ್ಚಿಕೊಂಡಿರುತ್ತದೆ. ಅದಕ್ಕೇ ಆಪರೇಷನ್‌ಗೆ ಎರಡು ವಾರ ಮೊದಲಿನಿಂದ ಬರೀ ತೆಳು ಆಹಾರ ಕೊಟ್ಟು ಲಿವರ್ ಕುಗ್ಗಿಸುತ್ತಾರೆ. ಅಂಥ ಹೊಟ್ಟೆಯಲ್ಲಿ ಜಠರ, ಕರುಳು ಎರಡನ್ನೂ ಒಂದೇ ಸಲಕ್ಕೆ ಮಾಡಲು ಹೋದರೆ ಗಂಟೆಗಟ್ಟಲೆ ಅರಿವಳಿಕೆ, ಶ್ವಾಸಕೋಶಕ್ಕೆ ತೊಂದರೆ, ರಕ್ತ ಹೆಪ್ಪುಗಟ್ಟುವ ಭಯ. 2000ರ ಆಸುಪಾಸಿನಲ್ಲಿ ನ್ಯೂಯಾರ್ಕಿನಲ್ಲಿ ಮಿಶೆಲ್ ಗಾನ್ಯೇ ಎಂಬ ಸರ್ಜನ್ ಮತ್ತು ಅವರ ಜೊತೆಯವರು ಜಠರ, ಕರುಳು ಎರಡರ ಪೂರ್ತಿ ಆಪರೇಷನ್ ಅನ್ನು ಹೊಟ್ಟೆ ಅಗಲಕ್ಕೆ ಸೀಳದೆ ಸಣ್ಣ ತೂತುಗಳ ಮೂಲಕವೇ ಮಾಡತೊಡಗಿದಾಗ ತುಂಬಾ ಭಾರದವರಲ್ಲೇ ತೊಡಕು ಜಾಸ್ತಿ ಆಯಿತು. ಆಮೇಲೆ ಅವರು ಮೊದಲು ಜಠರ ಮಾತ್ರ ಮಾಡಿ, ತೂಕ ಇಳಿದ ಮೇಲೆ ಕರುಳಿಗೆ ಬನ್ನಿ ಅನ್ನತೊಡಗಿದರು. ತಮಾಷೆ ಎಂದರೆ ಎಷ್ಟೋ ಜನರಿಗೆ ಮೊದಲ ಕಂತಿನಲ್ಲೇ ಸಾಕಷ್ಟು ತೂಕ ಇಳಿದು, ಅವರು ಎರಡನೆಯದಕ್ಕೆ ವಾಪಸ್ಸೇ ಬರಲಿಲ್ಲ. ಹಾಗೆ ಬಾರದೇ ಹೋದವರ ದೆಸೆಯಿಂದಲೇ ಸ್ಲೀವ್ ತಾನೇ ಒಂದು ಪೂರ್ತಿ ಆಪರೇಷನ್ ಆಗಿದ್ದು, ಇವತ್ತು ಜಗತ್ತಿನಲ್ಲಿ ಅದನ್ನೇ ಹೆಚ್ಚು ಮಾಡುವುದು.

ಈ ಕತೆ ಓದಿದ ದಿನದಿಂದ ನನಗೊಂದು ಹುಳ ಹೊಕ್ಕಿದೆ. ನಾನೂ ಆ ಬಾರದೇ ಹೋದವರ ಪೈಕಿಯಾ?

ಯಾಕೆಂದರೆ ಮೊದಲ ಆರು ತಿಂಗಳು ನಿಜಕ್ಕೂ ಮಾಯ. ಮೊದಲೆರಡು ವಾರ ಕುಚ್ಚಲಕ್ಕಿ ಗಂಜಿಯ ತಿಳಿ, ಮಜ್ಜಿಗೆ ನೀರು, ಅದನ್ನೂ ಔಷಧಿ ಕುಡಿಯುವ ಮುಚ್ಚಳದಲ್ಲಿ ಒಂದೊಂದೇ ಗುಟುಕು. ಹಸಿವೇ ಇಲ್ಲ. ಹಸಿವು ಹುಟ್ಟಿಸುವ ಗ್ರೆಲಿನ್ ಅನ್ನುವ ಹಾರ್ಮೋನ್ ಹೆಚ್ಚಾಗಿ ಬರುವುದು ಅವರು ಕತ್ತರಿಸಿ ತೆಗೆದ ಭಾಗದಿಂದಲೇ ಅಂತೆ. ಆಮೇಲೆ ಮೀನು ತಿನ್ನಬಹುದು ಅಂದರು, ಆದರೆ ಮೊದಲು ಪ್ರೊಟೀನು, ಜಾಗ ಉಳಿದರೆ ಅನ್ನ. ಜಾಗ ಎಲ್ಲಿ ಉಳಿಯುತ್ತದೆ? ಬಂಗುಡೆ ಸಾರಿದ್ದೂ ಅನ್ನ ಇಲ್ಲ ಅಂದರೆ ನಮ್ಮ ಕಡೆಯವರಿಗೆ ಅದು ಊಟವೇ ಅಲ್ಲ. ಊಟದ ಜೊತೆ ನೀರೂ ಕುಡಿಯಬಾರದು, ಅರ್ಧ ಗಂಟೆ ಕಾಯಬೇಕು. ನಾಲ್ಕನೇ ತಿಂಗಳಿಗೆ ಕೂದಲು ಕೈಗೆ ಬರತೊಡಗಿತು, ಅದು ಹೀಗೇ ಆಗುತ್ತದೆ, ಮತ್ತೆ ಬರುತ್ತದೆ ಅಂದರು, ಬಂತು. ಅಮ್ಮ ಫೋನಿನಲ್ಲಿ ಹದಿನೇಳು ವರ್ಷ ಕೇಳಿದ್ದು ಒಂದೇ ಪ್ರಶ್ನೆ, "ಉಂಡ್ಯಾ ಮಗಾ?" ಈಗ ಅದು "ಎಷ್ಟ್ ಉಂಡೆ?" ಆಗಿದೆ.

ಒಂದು ಭಾನುವಾರ ಮಾಟುಂಗದ ರಾಮ ನಾಯಕರ ಊಟಕ್ಕೆ ಹೋಗಿದ್ದೆವು. 1942ರಿಂದ ಬಾಳೆಲೆ ಹಾಕಿ ಬಡಿಸುವ ಜಾಗ, ಈ ಊರಿಗೆ ಬಂದ ಹೊಸದರಲ್ಲಿ ಮನೆ ನೆನಪಾದಾಗಲೆಲ್ಲ ಅಲ್ಲಿಗೆ ಓಡುತ್ತಿದ್ದೆ, ಸಾರು ಎಷ್ಟು ಸಲ ಹಾಕಿಸಿಕೊಂಡೆ ಅಂತ ಲೆಕ್ಕ ಇಟ್ಟವಳಲ್ಲ. ಈ ಸಲ ನಾಲ್ಕು ಚಮಚ ಸಾರು, ಒಂದು ತುತ್ತು ಅನ್ನ, ಸ್ವಲ್ಪ ಮೊಸರು. ಬಡಿಸುವವರು ಎರಡು ಸಲ ಬಂದು ನನ್ನ ಎಲೆ ನೋಡಿ ಹೋದರು. ಮೂರನೇ ಸಲ "ಸೇರಲಿಲ್ವಾ ಅಕ್ಕ?" ಅಂದರು. ಏನು ಹೇಳುವುದು. ಹೊಟ್ಟೆ ಸರಿಯಿಲ್ಲ ಅಂದೆ. ಸುಳ್ಳೂ ಅಲ್ಲ.

ಹನ್ನೊಂದನೇ ತಿಂಗಳಿಗೆ ತೂಕ ನಿಂತಿತು. ನಾಲ್ಕು ತಿಂಗಳಿಂದ 107ಕ್ಕೂ 109ಕ್ಕೂ ಮಧ್ಯೆ ಉಯ್ಯಾಲೆ. ಹಸಿವೂ ಮೆಲ್ಲಗೆ ಹಿಂದಿರುಗಿದೆ, ಹಳೆಯ ಗೆಳತಿಯ ಹಾಗೆ, ಸಂಜೆ ಹೊತ್ತು. ಸ್ಟೇಷನ್ ಹೊರಗಿನ ವಡಾಪಾವಿನ ವಾಸನೆ ಈಗ ಮತ್ತೆ ನನ್ನ ಹೆಸರು ಹಿಡಿದು ಕರೆಯುತ್ತದೆ. ಬಿಎಂಐ ಇನ್ನೂ 44ರ ಹತ್ತಿರ. ಎರಡನೇ ಹಂತ ಇರುವುದೇ ಇದಕ್ಕೆ.

ಆ ಎರಡನೆಯದರ ಹೆಸರು ಡುವೊಡಿನಲ್ ಸ್ವಿಚ್. ಲೋಕಲ್ ಭಾಷೆಯಲ್ಲಿ ಹೇಳಿದರೆ ಸ್ಲೋ ಗಾಡಿಯನ್ನು ಫಾಸ್ಟ್ ಮಾಡುವುದು. ಜಠರ ದಾಟಿದ ಕೂಡಲೇ ಸಣ್ಣ ಕರುಳನ್ನು ಕತ್ತರಿಸಿ, ಎಷ್ಟೋ ಕೆಳಗಿನ ಭಾಗಕ್ಕೆ ಜೋಡಿಸುತ್ತಾರೆ. ಊಟ ನಡುವಿನ ಸ್ಟೇಷನ್‌ಗಳಲ್ಲಿ ನಿಲ್ಲದೆ ಮುಂದೆ ಹೋಗುತ್ತದೆ. ಪಿತ್ತರಸ ಬೇರೆ ಲೈನಿನಲ್ಲಿ ಬಂದು ಕೊನೆಯ ಒಂದು ಮೀಟರ್‌ನಷ್ಟು ದೂರದಲ್ಲಿ ಮಾತ್ರ ಊಟದ ಜೊತೆ ಸೇರುತ್ತದೆ. ಹಾಗಾಗಿ ತಿಂದ ಕೊಬ್ಬು ಬಹಳಷ್ಟು ಮೈಗೆ ಹತ್ತುವುದಿಲ್ಲ. ಅದರ ಜೊತೆ ಎ, ಡಿ, ಇ, ಕೆ ವಿಟಮಿನ್ನುಗಳೂ ಹತ್ತುವುದಿಲ್ಲ, ಕಬ್ಬಿಣ, ಕ್ಯಾಲ್ಸಿಯಂ ಕೂಡ ಕಡಿಮೆ. ಬದುಕಿರುವವರೆಗೆ ಮಾತ್ರೆ, ಬದುಕಿರುವವರೆಗೆ ರಕ್ತ ಪರೀಕ್ಷೆ.

ಹತ್ತದ ಕೊಬ್ಬು ಎಲ್ಲಿಗೆ ಹೋಗುತ್ತದೆ? ಹೊರಗೆ. ದಿನಕ್ಕೆ ಎಷ್ಟೋ ಸಲ, ಅದೂ ಅವಸರದಲ್ಲಿ. ಈ ವಿಷಯ ಯಾರೂ ಬಾಯಿಬಿಟ್ಟು ಬರೆಯುವುದಿಲ್ಲ, ನಾನು ಬರೆಯುತ್ತೇನೆ, ಯಾಕೆಂದರೆ ನನ್ನ ದೊಡ್ಡ ಭಯ ಚಾಕುವಿನದಲ್ಲ, ಇದರದ್ದು. ಮುಂಬಯಿ ಲೋಕಲ್‌ನಲ್ಲಿ ಸಂಡಾಸು ಇಲ್ಲ. ಡೊಂಬಿವಿಲಿಯಿಂದ ಫೋರ್ಟಿನ ನನ್ನ ಆಫೀಸಿಗೆ ಹೋಗಲು ಒಂದು ಗಂಟೆಯ ಮೇಲೆ ಬೇಕು, ಬಾಗಿಲವರೆಗೆ ತಲುಪಬೇಕಾದರೇ ಒಂದು ಸ್ಟೇಷನ್ ಮೊದಲೇ ಎದ್ದು ಹೊರಡಬೇಕು. ಇದನ್ನು ಡಾಕ್ಟರ ಹತ್ತಿರ ಕೇಳಿದೆ. ಅವರು ನಗಲಿಲ್ಲ, ಅದಕ್ಕೆ ನನಗೆ ಅವರ ಮೇಲೆ ಗೌರವ. ಎಣ್ಣೆ, ತುಪ್ಪ ಹಿಡಿತದಲ್ಲಿಟ್ಟರೆ ಎಷ್ಟೋ ಸುಧಾರಿಸುತ್ತದೆ, ಬೇಕಾದರೆ ಕೂಡುವ ಕರುಳಿನ ಉದ್ದ ಸ್ವಲ್ಪ ಜಾಸ್ತಿ ಬಿಡುವ ಇನ್ನೊಂದು ಬಗೆಯೂ ಇದೆ, ಯೋಚನೆ ಮಾಡೋಣ ಅಂದರು.

ಅವರು ತಾರೀಖು ಮಾತ್ರ ಕೊಡಲಿಲ್ಲ. ನನ್ನ ಹಿಮೋಗ್ಲೋಬಿನ್ 10.2, ವಿಟಮಿನ್ ಡಿ ಅದಕ್ಕಿಂತ ಅಧ್ವಾನ. ಹತ್ತದ ಹಾಗೆ ಮಾಡುವ ಮೊದಲು ಇರುವುದನ್ನು ತುಂಬಿಸಿಕೊಳ್ಳಬೇಕಂತೆ. ನ್ಯಾಯವಾದ ಮಾತು.

ಇನ್ನೊಂದು ಕಡೆ ವಿಮಾ ಕಂಪನಿ. ಐದು ವಾರದಿಂದ ಕ್ವೆರಿ ಮೇಲೆ ಕ್ವೆರಿ. "ಒಮ್ಮೆ ಆಗಿದೆ, ಮತ್ತೆ ಯಾಕೆ" ಅನ್ನುವುದನ್ನೇ ನಾಲ್ಕು ಥರ ಇಂಗ್ಲಿಷಿನಲ್ಲಿ ಕೇಳುತ್ತಾರೆ, ಥೇಟ್ ನಮ್ಮ ದೊಡ್ಡಮ್ಮ. ವಿಮಾ ನಿಯಂತ್ರಕರ ನಿಯಮ ಏನೆಂದರೆ ಇಂಥ ಆಪರೇಷನ್ನಿಗೆ ವಿಮೆಯ ದುಡ್ಡು ಸಿಗಬೇಕಾದರೆ ಬಿಎಂಐ 40 ಅಥವಾ ಜಾಸ್ತಿ ಇರಬೇಕು. 35ರಿಂದ 40ರ ಮಧ್ಯೆ ಇದ್ದರೆ ಜೊತೆಗೆ ಹಿಡಿತಕ್ಕೆ ಸಿಗದ ಸಕ್ಕರೆ ಕಾಯಿಲೆ, ನಿದ್ದೆಯಲ್ಲಿ ಉಸಿರು ನಿಲ್ಲುವ ಜೋರು ತೊಂದರೆ, ಹೃದಯದ ಕಾಯಿಲೆ, ಇಂಥದ್ದೇನಾದರೂ ಇರಬೇಕು. ಸ್ಲೀವ್ ಆದ ಮೇಲೆ ನನ್ನ ಸಕ್ಕರೆ ಹಿಡಿತಕ್ಕೆ ಬಂದಿದೆ, ಮಾತ್ರೆ ಅರ್ಧವಾಗಿದೆ, ಸಿಪ್ಯಾಪ್ ಮೆಷಿನ್ ಮಂಚದ ಕೆಳಗೆ ಹೋಗಿದೆ. ಅಂದರೆ ನಾನು ಕಾಯುವ ಹೊತ್ತಿನಲ್ಲಿ ಕಷ್ಟಪಟ್ಟು ಇನ್ನು ಹತ್ತು ಕೆಜಿ ಇಳಿಸಿದೆ ಅಂತಿಟ್ಟುಕೊಳ್ಳಿ, 40ರ ಗೆರೆಯಿಂದ ಕೆಳಗೆ ಬೀಳುತ್ತೇನೆ, ಆಗ ಖರ್ಚೆಲ್ಲ ನನ್ನದೇ. ಚೆನ್ನಾಗಿ ಓದಿದರೆ ಸ್ಕಾಲರ್‌ಶಿಪ್ ಇಲ್ಲ ಅನ್ನುವ ಹಾಗೆ. ಇದನ್ನು ಮನೆಯವರಿಗೆ ಹೇಳಿದರೆ "ಹಾಗಾದರೆ ಒಂದು ತಿಂಗಳು ವಡಾಪಾವ್ ತಿನ್ನು" ಅಂದರು. ಅವರ ತಮಾಷೆಗೆ ನಾನು ಅರ್ಧ ನಿಮಿಷ ನಿಜವಾಗಿ ಯೋಚಿಸಿದೆ ಅಂದರೆ ನೋಡಿ.

ಬೆಂಗಳೂರಿನ ತಮ್ಮ ದಿನಾ ತೂಕ ಇಳಿಸುವ ಇಂಜೆಕ್ಷನ್ ಬಗ್ಗೆ ಏನಾದರೂ ಕಳಿಸುತ್ತಾನೆ. 2025ರ ಮಾರ್ಚ್‌ನಲ್ಲಿ ಮೌಂಜಾರೋ, ಜೂನ್‌ನಲ್ಲಿ ವೆಗೋವಿ ನಮ್ಮ ದೇಶಕ್ಕೂ ಬಂದಿವೆಯಲ್ಲ, "ಅಕ್ಕಾ, ವಾರಕ್ಕೊಂದು ಚುಚ್ಚಿಕೊಂಡರೆ ಆಯ್ತು, ಮತ್ತೆ ಕೊಯ್ಸಿಕೊಳ್ಳುವುದು ಯಾಕೆ" ಅಂತ. ಅವನ ಮಾತು ತೆಗೆದುಹಾಕುವಂಥದ್ದಲ್ಲ, ಡಾಕ್ಟರೂ ಅದು ಒಂದು ದಾರಿ ಅಂದಿದ್ದಾರೆ. ಆದರೆ ಚುಚ್ಚುವುದು ನಿಲ್ಲಿಸಿದರೆ ತೂಕ ಮತ್ತೆ ಏರುತ್ತದೆ, ತಿಂಗಳು ತಿಂಗಳು ಸಾವಿರಾರು ರೂಪಾಯಿ, ಎಷ್ಟು ವರ್ಷ ಅಂತ ತಮ್ಮ ಹೇಳುವುದಿಲ್ಲ. ಮಗನ ಕಾಲೇಜು ಫೀಸೂ ಇದೇ ಸಂಬಳದಿಂದ ಹೋಗಬೇಕು.

ಹೀಗೆ ರಕ್ತ ಕಾಯಿಸುತ್ತಿದೆ, ಕಂಪನಿ ಕಾಯಿಸುತ್ತಿದೆ ಅಂತ ಎಲ್ಲರಿಗೂ ಹೇಳಿಕೊಂಡು ತಿರುಗುತ್ತೇನೆ. ನಿಜ ಹೇಳಬೇಕಾದರೆ ನಾಳೆಯೇ ಫೋನ್ ಬಂದರೆ ನನಗೆ ಖುಷಿಯಾಗುತ್ತದೋ ಇಲ್ಲವೋ. 156ರಲ್ಲಿ ಇದ್ದಾಗ ಯೋಚಿಸಲು ಏನೂ ಇರಲಿಲ್ಲ, ಉಸಿರು ಸಿಕ್ಕರೆ ಸಾಕಿತ್ತು. ಈಗ ನಾಲ್ಕನೆಯವಳಿಗೆ ಜಾಗ ಬಿಡುವಷ್ಟು ಆಗಿದ್ದೇನೆ, ಇಷ್ಟೇ ಸಾಕಲ್ವಾ ಅಂತ ಒಂದು ಮನಸ್ಸು. ಮಂಡಿ ಇನ್ನೂ ನೋಯುತ್ತದೆ, ಡೊಂಬಿವಿಲಿಯ ಬ್ರಿಡ್ಜ್ ಹತ್ತುವಾಗ ನಡುವೆ ನಿಂತು ಮೊಬೈಲ್ ನೋಡುವ ನಾಟಕ ಮಾಡುತ್ತೇನೆ, ಹಸಿವು ಬೇರೆ ಬರತೊಡಗಿದೆ, ಇಷ್ಟಕ್ಕೇ ನಿಲ್ಲುತ್ತದೆ ಅಂತ ಯಾರು ಬರೆದುಕೊಟ್ಟಿದ್ದಾರೆ ಅಂತ ಇನ್ನೊಂದು ಮನಸ್ಸು. ದೊಡ್ಡಮ್ಮನಿಗೆ ಕೊಡಬೇಕಾದ ಉತ್ತರ ಸುಲಭ. ನನಗೆ ಕೊಡಬೇಕಾದದ್ದು ಇನ್ನೂ ಸಿಕ್ಕಿಲ್ಲ.

ನಿನ್ನೆ ಕಬ್ಬಿಣದ ಡ್ರಿಪ್ ಹಾಕಿಸಿಕೊಂಡು ಬಂದೆ, ಇನ್ನೂ ಒಂದು ಬಾಕಿ. ಈ ನಡುವೆ ದೀಪಾವಳಿಗೆ ಮತ್ಸ್ಯಗಂಧಾ ಗಾಡಿಗೆ ಟಿಕೆಟ್ ಮಾಡಿಟ್ಟಿದ್ದೇನೆ, ತಾರೀಖು ಬಂದರೆ ಕ್ಯಾನ್ಸಲ್. ಇಷ್ಟು ವರ್ಷ ಲೋವರ್ ಸಿಗದಿದ್ದರೆ ಯಾರನ್ನಾದರೂ ಬೇಡಿಕೊಂಡು ಬದಲಾಯಿಸಿಕೊಳ್ಳುತ್ತಿದ್ದೆ. ಈ ಸಲ ಸಿಕ್ಕಿದ್ದು ಅಪ್ಪರ್ ಬರ್ತ್. ಹತ್ತಿ ನೋಡಬೇಕು.